ಲಗ್ನಪತ್ರಿಕೆ ಪ್ರೆಸ್ಸಿನ ಪೆಂಟಿಯಂ: ಒಂದು ರಿಪೇರಿ ಕಡತ

ಯಂತ್ರ: ಪೆಂಟಿಯಂ 2, 400 ಮೆಗಾಹರ್ಟ್ಸ್. ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ನ ಮದರ್‌ಬೋರ್ಡ್, ಪ್ರೊಸೆಸರ್ ಕೂರುವುದು ಸ್ಲಾಟ್ 1ರಲ್ಲಿ. 64 ಎಂಬಿ ರ‍್ಯಾಮ್, 8.4 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98 ಎರಡನೆಯ ಆವೃತ್ತಿ.

ಇರುವ ಜಾಗ: ದಾವಣಗೆರೆಯ ಹಳೆಯ ಪೇಟೆಯಲ್ಲಿರುವ ಒಂದು ಮುದ್ರಣಾಲಯ. ಮುಖ್ಯ ಕಸುಬು ಲಗ್ನಪತ್ರಿಕೆ, ಜೊತೆಗೆ ಬಿಲ್ ಪುಸ್ತಕ.

ದೂರು: ಗುಂಡಿ ಒತ್ತಿದರೆ ಕೆಲವು ಸಲ ಏಳುತ್ತದೆ, ಕೆಲವು ಸಲ ಉದ್ದುದ್ದ ಬೀಪ್ ಹಾಕುತ್ತ ನಿಲ್ಲುತ್ತದೆ. ಎದ್ದ ಮೇಲೂ ಅರ್ಧ ಗಂಟೆಯೊಳಗೆ ಪರದೆ ಹೆಪ್ಪುಗಟ್ಟುತ್ತದೆ. ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ಪ್ರತಿದಿನ ಬೆಳಿಗ್ಗೆ ತಾರೀಖು ಹಿಂದಿನ ಶತಮಾನಕ್ಕೆ ಹೋಗಿರುತ್ತದೆ.

ಇದನ್ನು ಎಸೆದು ಹೊಸದು ಕೊಳ್ಳಬಾರದೇ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಪ್ರೆಸ್ಸಿನಲ್ಲಿ ಹೊಸ ಕಂಪ್ಯೂಟರ್ ಇದೆ, ಬಣ್ಣದ ಕೆಲಸವೆಲ್ಲ ಅದರಲ್ಲೇ ನಡೆಯುತ್ತದೆ. ಆದರೆ ಇಪ್ಪತ್ತು ವರ್ಷಕ್ಕೂ ಹಿಂದಿನ ಪತ್ರಿಕೆಗಳು ಪೇಜ್‌ಮೇಕರ್ (ಪುಟ ವಿನ್ಯಾಸದ ತಂತ್ರಾಂಶ) ಕಡತಗಳಾಗಿ, ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ನಲ್ಲಿ ಕುಳಿತಿವೆ. ಆ ಫಾಂಟ್‌ಗಳ ತಂತ್ರಾಂಶ ಪ್ಯಾರಲಲ್ ಪೋರ್ಟ್‌ಗೆ, ಅಂದರೆ ಹಳೆಯ ಪ್ರಿಂಟರ್ ಕಿಂಡಿಗೆ, ಸಿಕ್ಕಿಸುವ ಡಾಂಗಲ್ ಎಂಬ ಬೀಗ ಇಲ್ಲದೆ ಬಾಯಿ ಬಿಡುವುದಿಲ್ಲ. ಹಿರಿಯ ಮಗಳ ಪತ್ರಿಕೆ ಇಲ್ಲೇ ಅಚ್ಚಾದ ಮನೆಯವರು ಮೊಮ್ಮಗಳ ಮದುವೆಗೂ ಬರುತ್ತಾರೆ. ಮನೆದೇವರ ತಲೆಬರಹ, ಹಿರಿಯರ ಹೆಸರಿನ ಸಾಲು ಮೊದಲಿನಂತೆಯೇ ಇರಲಿ ಎನ್ನುತ್ತಾರೆ. ಪರಿವರ್ತಕದಲ್ಲಿ ಹಾಕಿದರೆ ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಿದರೆ ಏನಾಗುತ್ತದೆಂದು ಪ್ರೆಸ್ಸಿನವರಿಗೆ ಚೆನ್ನಾಗಿ ಗೊತ್ತು.

ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಹಾಕಿ ಹೊಸ ಯಂತ್ರದಲ್ಲೇ ನಡೆಸಬಹುದೆಂದು ಒಬ್ಬರು ಸಲಹೆ ಕೊಟ್ಟಿದ್ದರು. ಆಗುವುದಿಲ್ಲ. ಅಂತಹ ಕೇಬಲ್ ತನ್ನನ್ನು ಪ್ರಿಂಟರ್ ಜೋಡಣೆಯೆಂದು ಮಾತ್ರ ತೋರಿಸಿಕೊಳ್ಳುತ್ತದೆ. ಡಾಂಗಲ್‌ನ ತಂತ್ರಾಂಶ ಹುಡುಕುವುದು 378 ಎಂಬ ವಿಳಾಸದಲ್ಲಿರುವ ನಿಜವಾದ ಪೋರ್ಟನ್ನು. ಹಾಗಾಗಿ ಈ ಯಂತ್ರವೇ ಬದುಕಬೇಕು.

1. ಮೊದಲು ಡಿಸ್ಕ್, ಆಮೇಲೆ ಉಳಿದದ್ದು

ಟಕ್ ಟಕ್ ಎನ್ನುವ ಡಿಸ್ಕನ್ನು ಅದೇ ಯಂತ್ರದಲ್ಲಿ ಮತ್ತೆ ಮತ್ತೆ ಎಬ್ಬಿಸಿ ನೋಡುವುದು ಶುದ್ಧ ಅವಿವೇಕ. ಪ್ರತಿ ಸಲ ಎದ್ದಾಗಲೂ ವಿಂಡೋಸ್ ಅದರ ಮೇಲೆ ಏನನ್ನಾದರೂ ಬರೆಯುತ್ತಲೇ ಇರುತ್ತದೆ. ಆದ್ದರಿಂದ ಮದರ್‌ಬೋರ್ಡ್ ಕಡೆ ನೋಡುವ ಮೊದಲು ಡಿಸ್ಕನ್ನು ಬಿಚ್ಚಿ ಮನೆಗೆ ತಂದೆ.

ಬಳಸಿದ್ದು: ಐಡಿಇಯಿಂದ (ಹಳೆಯ ಡಿಸ್ಕುಗಳ ಜೋಡಣೆ) ಯುಎಸ್‌ಬಿಗೆ ಹೋಗುವ ಅಡಾಪ್ಟರ್, ಅದರದೇ 12 ವೋಲ್ಟ್ ಮತ್ತು 5 ವೋಲ್ಟ್ ಕೊಡುವ ವಿದ್ಯುತ್ ಇಟ್ಟಿಗೆ, ಲಿನಕ್ಸ್ ಇರುವ ಲ್ಯಾಪ್‌ಟಾಪ್, ಕೆಡುತ್ತಿರುವ ಡಿಸ್ಕಿನ ಪ್ರತಿ ತೆಗೆಯುವ ತಂತ್ರಾಂಶ ಡಿಡಿರೆಸ್ಕ್ಯೂ. ಡಿಸ್ಕಿನ ಹಿಂದಿನ ಜಂಪರ್ ‘ಸ್ಲೇವ್’ನಲ್ಲಿದ್ದರೆ ಅಡಾಪ್ಟರ್ ಅದನ್ನು ಗುರುತಿಸದೆ ಸತಾಯಿಸುತ್ತದೆ, ‘ಮಾಸ್ಟರ್’ಗೆ ಬದಲಿಸಿ.

ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ಬಿಟ್ಟು ಮುಂದೆ ಹೋಗುವ ಆಯ್ಕೆ ಕೊಟ್ಟೆ. ಸರಾಗವಾಗಿ ಓದಲು ಬರುವುದೆಲ್ಲ ಮೊದಲು ಕೈಗೆ ಬರಲಿ ಎಂಬುದೇ ಇದರ ಉದ್ದೇಶ. ಎರಡನೆಯ ಸುತ್ತಿನಲ್ಲಿ ಎಲ್ಲೆಲ್ಲಿ ಓದಿದೆಯೆಂದು ಡಿಡಿರೆಸ್ಕ್ಯೂ ಬರೆದಿಟ್ಟ ನಕ್ಷೆ ಕಡತವನ್ನು ಕೊಟ್ಟು ಬಿಟ್ಟ ಜಾಗಗಳನ್ನು ಮಾತ್ರ ಮತ್ತೆ ಓದಿಸಿದೆ. ನಕ್ಷೆ ಕಡತ ಕೊಡದೆ ಡಿಡಿರೆಸ್ಕ್ಯೂ ಓಡಿಸಬೇಡಿ. ನಡುವೆ ವಿದ್ಯುತ್ ಹೋದರೆ ಎಲ್ಲವನ್ನೂ ಮೊದಲಿನಿಂದ ಓದಬೇಕು, ಅಷ್ಟು ಆಯುಷ್ಯ ಡಿಸ್ಕಿಗೆ ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನನ್ನ ಅದೃಷ್ಟಕ್ಕೆ ಓದಲಾಗದೆ ಉಳಿದ ತುಣುಕುಗಳು ವಿಂಡೋಸ್‌ನ ಸ್ವಾಪ್ ಕಡತದೊಳಗೆ, ಅಂದರೆ ಅದರ ತಾತ್ಕಾಲಿಕ ಜಾಗದಲ್ಲಿ, ಇದ್ದವು. ಪತ್ರಿಕೆಗಳೆಲ್ಲ ಬಂದವು.

2. ಮಸಿ

ಕ್ಯಾಬಿನೆಟ್ ತೆರೆದಾಗ ಕಂಡದ್ದು ಬರಿಯ ಧೂಳಲ್ಲ. ಕಾಗದ ಕತ್ತರಿಸುವ ಯಂತ್ರದ ಬಿಳಿ ಹುಡಿ ಒಂದು ಪದರ, ಅದರ ಮೇಲೆ ಕಪ್ಪು ಮಸಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಗಾಳಿ ಬೀಸುವ ಕಡೆ ಕಂಪ್ಯೂಟರ್ ಇಟ್ಟವರಿಗೆ ಈ ಮಸಿಯ ಪರಿಚಯ ಇರುತ್ತದೆ. ಇದು ಒಣ ಧೂಳಿನಂತೆ ಬ್ಲೋಯರ್‌ಗೆ ಹಾರಿಹೋಗುವುದಿಲ್ಲ, ಜಿಡ್ಡಿನಂತೆ ಅಂಟಿಕೊಳ್ಳುತ್ತದೆ.

ಮಾಡಿದ್ದು: ಬ್ಲೋಯರ್‌ನಿಂದ ಮೇಲುಪದರ ತೆಗೆದೆ. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆದು ಹಿಡಿಯಬೇಕು. ನಂತರ ಒಂದಂಗುಲದ ಬಣ್ಣದ ಕುಂಚಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಸ್ಲಾಟ್‌ಗಳನ್ನು ತಿಕ್ಕಿದೆ. ರ‍್ಯಾಮ್ ಪಟ್ಟಿ ಮತ್ತು ಪ್ರೊಸೆಸರ್ ಕಾರ್ಟ್ರಿಜ್‌ನ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಆಲ್ಕೊಹಾಲ್‌ನಿಂದ ಒರೆಸಿದೆ. ರಬ್ಬರಿನ ಪುಡಿ ಸ್ಲಾಟ್‌ನೊಳಗೆ ಬೀಳದಂತೆ ಈ ಕೆಲಸವನ್ನು ಬೇರೆ ಮೇಜಿನ ಮೇಲೆ ಮಾಡಿ.

ಅವಾರ್ಡ್ ಬಯಾಸ್‌ನಲ್ಲಿ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಒಂದೇ ಸಮನೆ ಮರುಕಳಿಸುವ ಉದ್ದ ಬೀಪ್ ಎಂದರೆ ರ‍್ಯಾಮ್ ಕಾಣುತ್ತಿಲ್ಲ ಎಂದರ್ಥ. ಒಂದು ಉದ್ದ ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡ್ ಕಡೆ ನೋಡಬೇಕು. ಇಲ್ಲಿದ್ದದ್ದು ಮೊದಲನೆಯದು. ಸ್ಲಾಟ್ ತೊಳೆದ ಮೇಲೆ ಬೀಪ್ ನಿಂತಿತು. ಹೆಪ್ಪುಗಟ್ಟುವುದು ನಿಲ್ಲಲಿಲ್ಲ.

ತಾರೀಖು ಉಳಿಸುವ ಬ್ಯಾಟರಿ ಸಿಆರ್ 2032. ಮೀಟರಿನಲ್ಲಿ ಹಳೆಯದು 2 ವೋಲ್ಟ್‌ಗಿಂತ ಕೆಳಗಿತ್ತು. ಹೊಸದು 30 ರೂಪಾಯಿ. ಇಷ್ಟು ಸುಲಭದ ಈ ಕೆಲಸವೇ ಮುಂದೆ ಎಂಟನೆಯ ಹಂತದಲ್ಲಿ ಇಡೀ ಸಂಜೆಯನ್ನು ನುಂಗಿತು.

3. ವಿದ್ಯುತ್ ಪೂರೈಕೆ

ಹಳೆಯ ಎಸ್‌ಎಂಪಿಎಸ್‌ನ 5 ವೋಲ್ಟ್ ತಂತಿಯನ್ನು ಯಂತ್ರ ನಡೆಯುತ್ತಿರುವಾಗಲೇ ಅಳೆದೆ. ಕೆಂಪು ಮತ್ತು ಕಪ್ಪು ತಂತಿಗಳ ನಡುವೆ 4.6 ವೋಲ್ಟ್. ಎಟಿಎಕ್ಸ್ ನಿಯಮದಂತೆ ಐದು ಶೇಕಡ ಹೆಚ್ಚುಕಡಿಮೆ ಇರಬಹುದು, ಅಂದರೆ 4.75ಕ್ಕಿಂತ ಇಳಿಯಬಾರದು. ಹಸಿರು ತಂತಿಯನ್ನು ಕಪ್ಪಿಗೆ ತಾಗಿಸಿ, ಬೋರ್ಡ್ ಇಲ್ಲದೆ ಖಾಲಿ ಓಡಿಸಿದರೆ ಇದೇ ಎಸ್‌ಎಂಪಿಎಸ್ ಸರಿಯಾಗಿ 5.1 ತೋರಿಸುತ್ತಿತ್ತು. ಖಾಲಿ ಪರೀಕ್ಷೆಯನ್ನು ನಂಬಿದ್ದರೆ ಇನ್ನೂ ಬೋರ್ಡನ್ನೇ ಶಂಕಿಸುತ್ತ ಕುಳಿತಿರುತ್ತಿದ್ದೆ.

ಹೊಸ ಎಸ್‌ಎಂಪಿಎಸ್ 550 ರೂಪಾಯಿ. ಕೊಳ್ಳುವಾಗ ನೋಡಬೇಕಾದ ಅಂಕಿ ಡಬ್ಬದ ಮೇಲಿನ ದೊಡ್ಡ ವ್ಯಾಟ್ ಅಲ್ಲ, ಚೀಟಿಯಲ್ಲಿ 5 ವೋಲ್ಟ್ ಎದುರಿಗಿರುವ ಆಂಪಿಯರ್. ಈಗಿನವು ಶಕ್ತಿಯನ್ನೆಲ್ಲ 12 ವೋಲ್ಟ್‌ಗೆ ಇಟ್ಟಿರುತ್ತವೆ, ಈ ಯಂತ್ರದ ಕಾಲದ ಬೋರ್ಡುಗಳು ಪ್ರೊಸೆಸರ್‌ಗೂ 5 ವೋಲ್ಟ್ ತಂತಿಯಿಂದಲೇ ಎಳೆಯುತ್ತವೆ. ನಾನು 15 ಆಂಪಿಯರ್ ಇರುವುದನ್ನು ತೆಗೆದುಕೊಂಡೆ, ಇಷ್ಟು ಚಿಕ್ಕ ಯಂತ್ರಕ್ಕೆ ಸಾಕು. 24 ಕಡ್ಡಿಯ ಕನೆಕ್ಟರ್‌ನಲ್ಲಿ ನಾಲ್ಕು ಕಡ್ಡಿಯ ತುಂಡು ಬೇರ್ಪಡುವಂತಿರಬೇಕು. ಉಳಿದ 20 ಈ ಬೋರ್ಡಿಗೆ ಕೂರುತ್ತದೆ.

ಹೊಸದರಲ್ಲಿ ಬಿಳಿ ತಂತಿ ಇರುವುದಿಲ್ಲ, ಅಂದರೆ ಮೈನಸ್ 5 ವೋಲ್ಟ್ ಇಲ್ಲ. ಐಎಸ್‌ಎ ಎಂಬ ಹಳೆಯ ಬಗೆಯ ಕೆಲವು ಕಾರ್ಡುಗಳಿಗೆ ಅದು ಬೇಕು. ಪ್ರೆಸ್ಸಿನ ಯಂತ್ರದಲ್ಲಿ ಐಎಸ್‌ಎ ಸೌಂಡ್ ಕಾರ್ಡ್ ಇತ್ತು, ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಲಗ್ನಪತ್ರಿಕೆಗೆ ವಾಲಗ ಬೇಕಿಲ್ಲ.

4. ಉಬ್ಬಿದ ಕೆಪಾಸಿಟರ್

ಎಸ್‌ಎಂಪಿಎಸ್ ಬದಲಾದ ಮೇಲೆ ಪರದೆ ಹೆಪ್ಪುಗಟ್ಟುವ ಅರ್ಧ ಗಂಟೆ ಎರಡು ಗಂಟೆಯಾಯಿತು, ಅಷ್ಟೆ. ಟಾರ್ಚ್ ಹಿಡಿದು ಸ್ಲಾಟ್ 1ರ ಪಕ್ಕ ನೋಡಿದರೆ ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಅಂದರೆ ಅವು ಕೆಟ್ಟಿವೆ. ಮೂರರ ಮೇಲೂ ಬರೆದದ್ದು 1000 ಮೈಕ್ರೊಫ್ಯಾರಡ್, 6.3 ವೋಲ್ಟ್, 105 ಡಿಗ್ರಿ.

ಟಿವಿ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೇಳಿದರೆ 1000 ಮೈಕ್ರೊಫ್ಯಾರಡ್ ತಕ್ಷಣ ಸಿಗುತ್ತದೆ. ಸಿಕ್ಕಿದ್ದು 16 ವೋಲ್ಟಿನದು, 85 ಡಿಗ್ರಿ, ದಪ್ಪ 10 ಮಿಲಿಮೀಟರ್. ಬೋರ್ಡಿನಲ್ಲಿರುವ ಜಾಗ 8 ಮಿಲಿಮೀಟರ್. ಪಕ್ಕಪಕ್ಕದಲ್ಲಿ ಮೂರು ನಿಲ್ಲುವುದಿಲ್ಲ. ಕಾಲು ಉದ್ದ ಬಿಟ್ಟು ಓರೆಯಾಗಿ ನಿಲ್ಲಿಸಿದರೆ ಕಾರ್ಟ್ರಿಜ್‌ಗೆ ತಾಗುತ್ತದೆ. ಗಾತ್ರ ಹೊಂದಿದ್ದರೂ ಬಳಸಬಾರದಿತ್ತು. ಪ್ರೊಸೆಸರ್ ಬಳಿಯ ಈ ಜಾಗಕ್ಕೆ ಬೇಕಾದದ್ದು ಒಳರೋಧ ಕಡಿಮೆಯಿರುವ ಜಾತಿ, ‘ಲೋ ಇಎಸ್‌ಆರ್’ ಎಂದು ಕೇಳಿ ಪಡೆಯಬೇಕು. ಅಂಗಡಿಯಾತ ಒಳ್ಳೆಯವರು, “ಸರ್, ಇದು ನಿಮ್ಮ ಕೆಲಸಕ್ಕೆ ಆಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ” ಎಂದು ಅವರೇ ಹೇಳಿದರು. ಹಳೆಯ ಬೋರ್ಡುಗಳಿಂದ ಕಿತ್ತು ಹಾಕುವ ಯೋಚನೆಯೂ ಬಂತು. ಮುದುಕನ ಹಲ್ಲು ಕಿತ್ತು ಇನ್ನೊಬ್ಬ ಮುದುಕನಿಗೆ ಕೂರಿಸಿದಂತೆ ಎನಿಸಿ ಕೈಬಿಟ್ಟೆ. ತರಿಸಿದ್ದು 10 ವೋಲ್ಟಿನ, 105 ಡಿಗ್ರಿಯ, 8 ಮಿಲಿಮೀಟರಿನವು. ವೋಲ್ಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಅಂಚೆ ಸೇರಿ 160 ರೂಪಾಯಿ.

ಬಿಚ್ಚುವುದೇ ಇಲ್ಲಿ ಕಷ್ಟದ ಭಾಗ. ನನ್ನ 25 ವ್ಯಾಟ್ ಬೆಸುಗೆ ಕಡ್ಡಿ ಧನ ಕಾಲನ್ನು ಕರಗಿಸಿತು, ಋಣ ಕಾಲನ್ನು ಮುಟ್ಟಲಿಲ್ಲ. ಋಣ ಕಾಲು ಬೋರ್ಡಿನ ಒಳಪದರದ ದೊಡ್ಡ ತಾಮ್ರದ ಹಾಳೆಗೆ ಸೇರಿರುತ್ತದೆ, ಕೊಟ್ಟ ಶಾಖವನ್ನೆಲ್ಲ ಅದು ಹೀರಿಬಿಡುತ್ತದೆ. 60 ವ್ಯಾಟ್ ಕಡ್ಡಿ ಎರವಲು ತಂದೆ. ಹಳೆಯ ಬೆಸುಗೆಯ ಮೇಲೆ ಹೊಸ ಸೀಸದ ಬೆಸುಗೆ ಸ್ವಲ್ಪ ಹಾಕಿ ಕರಗಿಸಿದರೆ ಬೇಗ ಸಡಿಲವಾಗುತ್ತದೆ. ಒಂದು ಕಾಲು ಸ್ವಲ್ಪ, ಇನ್ನೊಂದು ಕಾಲು ಸ್ವಲ್ಪ, ಹೀಗೆ ಆಚೀಚೆ ಓಲಾಡಿಸುತ್ತ ಎಳೆಯಬೇಕು. ಜೋರಾಗಿ ಎಳೆದರೆ ರಂಧ್ರದ ಒಳಗಿನ ತಾಮ್ರದ ಕೊಳವೆಯೇ ಕಿತ್ತು ಬರುತ್ತದೆ. ಆಮೇಲೆ ಆ ಬೋರ್ಡು ಗುಜರಿಗೆ. ಮುಚ್ಚಿಹೋದ ರಂಧ್ರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಸೂಜಿ ತೂರಿಸಿ ಹಿಂದಿನಿಂದ ಕಾಯಿಸಿದರೆ ತೆರೆದುಕೊಳ್ಳುತ್ತದೆ, ಸ್ಟೀಲಿಗೆ ಬೆಸುಗೆ ಹಿಡಿಯುವುದಿಲ್ಲ.

ಧ್ರುವ ಗುರುತು: ಸಾಮಾನ್ಯವಾಗಿ ಬೋರ್ಡಿನ ಮೇಲೆ ಬಿಳಿ ತುಂಬಿದ ಅರ್ಧವೃತ್ತ ಋಣದ ಕಡೆ. ಆದರೆ ಉಲ್ಟಾ ಮುದ್ರಿಸಿದ ಬೋರ್ಡುಗಳೂ ಇವೆ. ಬಿಚ್ಚುವ ಮೊದಲು ಮೀಟರನ್ನು ಬೀಪ್‌ಗೆ ಇಟ್ಟು, ಯಾವ ಕಾಲು ಕ್ಯಾಬಿನೆಟ್‌ನ ಲೋಹಕ್ಕೆ ಸೇರಿದೆಯೆಂದು ನೋಡಿ ಕಾಗದದಲ್ಲಿ ಬರೆದುಕೊಂಡೆ. ಇದಾದ ಮೇಲೆ ಯಂತ್ರ ರಾತ್ರಿಯಿಡೀ ನಡೆಯಿತು.

5. ರ‍್ಯಾಮ್ ಹುಡುಕಾಟ

64 ಎಂಬಿಯಲ್ಲಿ ಪೇಜ್‌ಮೇಕರ್ ಜೊತೆಗೆ ಒಂದು ಸ್ಕ್ಯಾನ್ ಮಾಡಿದ ಗಣಪತಿ ಚಿತ್ರ ತೆರೆದರೆ ಡಿಸ್ಕ್ ಗರಗರ ಎನ್ನುತ್ತದೆ. ಹೆಚ್ಚಿಸಬೇಕಾದದ್ದು ರ‍್ಯಾಮನ್ನೇ. ಬೇಕಾದದ್ದು 168 ಕಡ್ಡಿಯ ಎಸ್‌ಡಿರ‍್ಯಾಮ್, ಪಿಸಿ 100 ಅಥವಾ ಪಿಸಿ 133. ಎರಡನೆಯದೂ ಈ ಬೋರ್ಡಿನಲ್ಲಿ 100ರ ವೇಗಕ್ಕೆ ಇಳಿದು ನಡೆಯುತ್ತದೆ.

ಕಂಪ್ಯೂಟರ್ ಅಂಗಡಿಗಳಲ್ಲಿ ಇದನ್ನು ಕೇಳಿ ಪ್ರಯೋಜನವಿಲ್ಲ. ಕೌಂಟರಿನ ಹುಡುಗ ಡಿಡಿಆರ್ 3ನ್ನೇ ಹಳೆಯದು ಎನ್ನುವ ಕಾಲ ಇದು. ಗುಜರಿ ಅಂಗಡಿಗಳಲ್ಲಿ ಹಳೆಯ ಕ್ಯಾಬಿನೆಟ್‌ಗಳ ರಾಶಿಯೇ ಇದೆ, ಬೋರ್ಡುಗಳೂ ಇವೆ, ಆದರೆ ರ‍್ಯಾಮ್ ಸ್ಲಾಟ್‌ಗಳು ಖಾಲಿ. ಕಾರಣ ಕೇಳಿದಾಗ ಅಂಗಡಿಯ ಯಜಮಾನರು ಬಿಡಿಸಿ ಹೇಳಿದರು: ರ‍್ಯಾಮ್ ಪಟ್ಟಿ ಮತ್ತು ಪ್ರೊಸೆಸರ್‌ಗಳನ್ನು ಮಾಲು ಬಂದ ದಿನವೇ ಬೇರೆ ಮಾಡುತ್ತಾರೆ, ಚಿನ್ನ ತೆಗೆಯುವವರಿಗೆ ಅವು ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ತಗಡು ಮತ್ತು ಪ್ಲಾಸ್ಟಿಕ್ ಮಾತ್ರ ಅಂಗಳದಲ್ಲಿ ಉಳಿಯುತ್ತದೆ. ನಾನು ಕೇಳಬೇಕಾದದ್ದು ಅಂಗಳದ ರಾಶಿಯನ್ನಲ್ಲ, ಒಳಗಿನ ಚೀಲವನ್ನು. ಚೀಲ ಸುರಿದು ಹುಡುಕಲು ಬಿಟ್ಟರು. ಬಿಡಿ ದರ ಕೇಳಿದರೆ ಪಟ್ಟಿಗೆ 100 ರೂಪಾಯಿ, ಕಿಲೋ ದರಕ್ಕೆ ಹೋಲಿಸಿದರೆ ಅವರಿಗೆ ಭರ್ಜರಿ ಲಾಭ, ನನಗೂ ನಷ್ಟವೇನಿಲ್ಲ.

ಮೇಲೆ 256 ಎಂಬಿ ಎಂಬ ಚೀಟಿಯಿದ್ದ ಪಟ್ಟಿಯೊಂದು ಸಿಕ್ಕಿತು. ಹಾಕಿದರೆ ಬೋರ್ಡ್ 128 ಎಂದು ಎಣಿಸಿತು. ಪಟ್ಟಿ ಕೆಟ್ಟಿರಲಿಲ್ಲ, 440ಬಿಎಕ್ಸ್‌ನ ಮಿತಿ ಹಾಗಿದೆ. ಈ ಚಿಪ್‌ಸೆಟ್ 128 ಮೆಗಾಬಿಟ್‌ವರೆಗಿನ ಚಿಪ್‌ಗಳನ್ನು ಮಾತ್ರ ಪೂರ್ತಿ ಅರಿಯುತ್ತದೆ. ಅಂತಹ ಒಂದು ಚಿಪ್ 16 ಎಂಬಿ. 256 ಆಗಲು ಪಟ್ಟಿಯ ಎರಡೂ ಬದಿ ಸೇರಿ 16 ಚಿಪ್ ಇರಬೇಕು. ನನಗೆ ಸಿಕ್ಕಿದ್ದರಲ್ಲಿ ಒಂದೇ ಬದಿಯಲ್ಲಿ ಎಂಟು ಚಿಪ್, ಒಂದೊಂದೂ 32 ಎಂಬಿ. ಅದರಲ್ಲಿ ಅರ್ಧವಷ್ಟೇ ಬೋರ್ಡಿಗೆ ಕಾಣುತ್ತದೆ. ಆದ್ದರಿಂದ ಬಿಎಕ್ಸ್ ಬೋರ್ಡಿಗೆ ರ‍್ಯಾಮ್ ಕೊಳ್ಳುವವರು ಚೀಟಿ ಓದುವುದಕ್ಕಿಂತ ಚಿಪ್ ಎಣಿಸುವುದು ಮೇಲು.

ಹದಿನಾರು ಚಿಪ್ಪಿನ ಪಟ್ಟಿ ಸಿಕ್ಕಿದ್ದು ಗುಜರಿಯಲ್ಲಲ್ಲ. ಹಿಂದೆ ಊರಿನ ಡಿಟಿಪಿ ಕೇಂದ್ರಗಳಿಗೆಲ್ಲ ಸರ್ವಿಸ್ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರು ಈಗ ಯುಪಿಎಸ್ ಬ್ಯಾಟರಿ ವ್ಯಾಪಾರ ಮಾಡುತ್ತಾರೆ. ಅವರ ಕಪಾಟಿನ ಬಿಸ್ಕತ್ತಿನ ಡಬ್ಬದಲ್ಲಿ ಇಂತಹವು ಇದ್ದವು. 250 ರೂಪಾಯಿ ಹೇಳಿದರು, ಚೌಕಾಸಿ ಮಾಡಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬರುವ ರೈಲಿನ ಟಿಕೆಟ್, ಊಟ, ಒಂದು ದಿನ ಸೇರಿಸಿದರೆ ಇದು ಅಗ್ಗ. ಈ ಊರಿನಲ್ಲಿ ಹಳೆಯ ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಅಂಗಡಿಗಿಂತ ಮೊದಲು, ಆ ಕಾಲದಲ್ಲಿ ಯಾರು ರಿಪೇರಿ ಮಾಡುತ್ತಿದ್ದರು ಎಂದು ವಿಚಾರಿಸಬೇಕು. ಈ ಮೆಕ್ಯಾನಿಕ್‌ಗಳು ಕಸುಬು ಬಿಟ್ಟಿದ್ದರೂ ಸಾಮಾನು ಬಿಟ್ಟಿಲ್ಲ.

ಕೊನೆಗೆ 256ರ ಜೊತೆಗೆ ಅರ್ಧ ಕಾಣುವ ಪಟ್ಟಿಯನ್ನೂ ಹಾಕಿದೆ: ಒಟ್ಟು 384 ಎಂಬಿ. ಫ್ಲಾಪಿಯಿಂದ ಮೆಮ್‌ಟೆಸ್ಟ್ ಓಡಿಸಿದಾಗ ದೋಷ ಬರಲಿಲ್ಲ. ವಿಂಡೋಸ್ 98ಕ್ಕೆ 512 ದಾಟಿಸಿದರೆ ಬೇರೆ ತಲೆನೋವು ಶುರುವಾಗುತ್ತದೆ, ಇದಕ್ಕಿಂತ ಹೆಚ್ಚು ಬೇಡ.

6. ಪ್ರೊಸೆಸರ್

ಇದನ್ನು ಬದಲಿಸುವ ಅಗತ್ಯ ನಿಜಕ್ಕೂ ಇರಲಿಲ್ಲ. ಅದೇ ಮೆಕ್ಯಾನಿಕ್ ಡಬ್ಬದಲ್ಲಿ ಪೆಂಟಿಯಂ 3 ಕಾರ್ಟ್ರಿಜ್ ಇತ್ತು, “ಹಾಕಿ ನೋಡಿ, ಆಗದಿದ್ದರೆ ವಾಪಸು ಕೊಡಿ” ಎಂದರು.

ಸ್ಲಾಟ್ 1 ಕಾರ್ಟ್ರಿಜ್‌ನ ಮೇಲಂಚಿನಲ್ಲಿ ಅದರ ಜಾತಕ ಬರೆದಿರುತ್ತದೆ: ವೇಗ, ಕ್ಯಾಶೆ, ಬಸ್, ವೋಲ್ಟ್. ಅದರ ಮೇಲಿದ್ದದ್ದು 600, 256, 100, 1.65 ವೋಲ್ಟ್. ಪೆಂಟಿಯಂ 3ರಲ್ಲಿ ಕಾಪರ್‌ಮೈನ್ ಎಂಬ ಜಾತಿ. ಹಾಕಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪು, ಬೀಪ್ ಕೂಡ ಇಲ್ಲ. ಈ ಬೋರ್ಡಿನ ವೋಲ್ಟ್ ನಿಯಂತ್ರಕ 1.8ಕ್ಕಿಂತ ಕೆಳಗೆ ಇಳಿಯದ ಹಳೆಯ ತಲೆಮಾರಿನದು. ಇಷ್ಟು ಕಡಿಮೆ ಕೇಳಿದರೆ ಕೊಡದೆ ಸುಮ್ಮನಿರುತ್ತದೆ. ಬೋರ್ಡಿಗೆ ಹಾನಿಯಾಗಲಿಲ್ಲ.

ಆಮೇಲೆ ಗುಜರಿಯಲ್ಲಿ 600 ರೂಪಾಯಿಗೆ ಒಂದು ಇಡೀ ಕ್ಯಾಬಿನೆಟ್ ಕೊಂಡೆ, ಏಕೆಂದರೆ ಅದರೊಳಗೆ 550, 512, 100, 2.0 ವೋಲ್ಟ್ ಎಂದು ಬರೆದ ಕಾಟ್ಮಾಯ್, ಅಂದರೆ ಪೆಂಟಿಯಂ 3ರ ಮೊದಲ ಜಾತಿ, ಇತ್ತು. ಬೋರ್ಡ್ ಸತ್ತಿತ್ತು, ಆದರೆ ಪಿಸಿಐ ನೆಟ್‌ವರ್ಕ್ ಕಾರ್ಡ್, ಫ್ಲಾಪಿ ಡ್ರೈವ್, ಹಲವು ತಿರುಪು ಮೊಳೆಗಳು ಉಪಯೋಗಕ್ಕೆ ಬಂದವು. ಕಾಟ್ಮಾಯ್ ಮೊದಲ ಸಲಕ್ಕೇ ಎದ್ದಿತು. ಪತ್ರಿಕೆ ತೆರೆಯುವ ವೇಗದಲ್ಲಿ ರ‍್ಯಾಮ್ ತಂದಷ್ಟು ವ್ಯತ್ಯಾಸವನ್ನು ಇದು ತರಲಿಲ್ಲ. ಹಣ ಬಿಗಿಯಿರುವವರು ಈ ಹಂತವನ್ನು ಬಿಡಬಹುದು.

7. 40 ಜಿಬಿ ಡಿಸ್ಕ್

350 ರೂಪಾಯಿಗೆ ಬಳಸಿದ 40 ಜಿಬಿ ಐಡಿಇ ಡಿಸ್ಕ್ ಸಿಕ್ಕಿತು, ಸ್ಮಾರ್ಟ್ ವರದಿ (ಡಿಸ್ಕಿನ ಆರೋಗ್ಯ ವರದಿ) ಶುಭ್ರವಾಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಹಳೆಯ ಡಿಸ್ಕಿನ ಪ್ರತಿಯನ್ನು ಇದಕ್ಕೆ ಇಳಿಸಿ ಯಂತ್ರಕ್ಕೆ ಹಾಕಿದೆ. ಬಯಾಸ್ ಡಿಸ್ಕನ್ನು ಹುಡುಕುವ ಸಾಲಿಗೆ ಬಂದು ನಿಂತಿತು. ಎಷ್ಟು ಹೊತ್ತು ಕಾದರೂ ಮುಂದೆ ಹೋಗಲಿಲ್ಲ.

1999ರ ಮಧ್ಯದವರೆಗಿನ ಅನೇಕ ಅವಾರ್ಡ್ ಬಯಾಸ್‌ಗಳು 32 ಜಿಬಿ ಮೀರಿದ ಡಿಸ್ಕ್ ಕಂಡರೆ ಹೀಗೆ ಸ್ತಬ್ಧವಾಗುತ್ತವೆ. ಬಯಾಸ್ ಹೊಸದಾಗಿಸುವುದು ಒಂದು ದಾರಿ, ಆದರೆ ಮಧ್ಯದಲ್ಲಿ ವಿದ್ಯುತ್ ಹೋದರೆ ಬೋರ್ಡ್ ಕೈಬಿಡುತ್ತದೆ. ಆ ಕಾಲದ ಬಹಳಷ್ಟು ಡಿಸ್ಕುಗಳಲ್ಲಿ ಗಾತ್ರವನ್ನು 32 ಜಿಬಿಗೆ ಇಳಿಸಿ ತೋರಿಸುವ ಜಂಪರ್ ಇರುತ್ತದೆ, ಚಿತ್ರ ಡಿಸ್ಕಿನ ಚೀಟಿಯ ಮೇಲೇ ಇರುತ್ತದೆ. ಹಾಕಿದೆ, ಬಯಾಸ್ ಮುಂದೆ ಹೋಯಿತು, ವಿಂಡೋಸ್ ಎದ್ದಿತು. 8.4 ಜಿಬಿಯ ಹಳೆಯ ವಿಭಾಗವನ್ನು ಹಾಗೆಯೇ ಬಿಟ್ಟು, ಉಳಿದ ಜಾಗವನ್ನು ‘ಡಿ’ ಮಾಡಿದೆ.

ಇದಕ್ಕೂ ಮೊದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನೇ ಡಿಸ್ಕಾಗಿ ಬಳಸುವ ಪ್ರಯತ್ನ ಮಾಡಿದ್ದೆ. ಅಡಾಪ್ಟರ್ ಮತ್ತು 16 ಜಿಬಿ ಕಾರ್ಡ್ ಸೇರಿ 900 ರೂಪಾಯಿ. ಕಾರ್ಡಿನ ವಿದ್ಯುತ್ ಸಂಜ್ಞೆಗಳು ಐಡಿಇಯವೇ ಆದ್ದರಿಂದ ಅಡಾಪ್ಟರ್ ಎಂಬುದು ಬರಿಯ ತಂತಿ ಜೋಡಣೆ. ಆದರೆ ಅಗ್ಗದ ಕೆಲವು ಅಡಾಪ್ಟರ್‌ಗಳಲ್ಲಿ ಡಿಎಂಎಗೆ, ಅಂದರೆ ಪ್ರೊಸೆಸರಿನ ನೆರವಿಲ್ಲದೆ ದತ್ತಾಂಶ ಸಾಗಿಸುವ ಬಗೆಗೆ, ಬೇಕಾದ ಎರಡು ಗೆರೆಗಳನ್ನೇ ಜೋಡಿಸಿರುವುದಿಲ್ಲ. ವಿಂಡೋಸ್‌ನ ಮೋಡದ ಚಿತ್ರ ಬಂದು ಅಲ್ಲೇ ನಿಲ್ಲುತ್ತಿತ್ತು. ಸೇಫ್ ಮೋಡ್‌ನಲ್ಲಿ ಹೋಗಿ ಡಿಎಂಎ ಗುರುತು ತೆಗೆದರೆ ನಡೆಯಿತು, ನಿಧಾನವಾಗಿ. ಈಗ ಅದು ಇಡೀ ಡಿಸ್ಕಿನ ಪ್ರತಿಯನ್ನು ಹೊತ್ತು ಯಜಮಾನರ ಗಲ್ಲಾಪೆಟ್ಟಿಗೆಯಲ್ಲಿದೆ. ಡಿಸ್ಕ್ ಸತ್ತ ದಿನ ಸಿಕ್ಕಿಸಿದರೆ ಆ ದಿನದ ಪತ್ರಿಕೆ ನಿಲ್ಲುವುದಿಲ್ಲ.

8. ಡಾಂಗಲ್ ಕಾಣುತ್ತಿಲ್ಲ

ಎಲ್ಲ ಮುಗಿಯಿತೆಂದು ಯಂತ್ರವನ್ನು ಪ್ರೆಸ್ಸಿಗೆ ತಂದು, ಕನ್ನಡ ತಂತ್ರಾಂಶ ತೆರೆದರೆ ಬೀಗ ಸಿಗಲಿಲ್ಲವೆಂಬ ಸಂದೇಶ. ಹೊರಗೆ ಗಿರಾಕಿಗಳು ಕುಳಿತಿದ್ದರು.

ಡಾಂಗಲ್ ಎಂದರೆ 25 ಕಡ್ಡಿಯ ಒಂದು ಚಿಕ್ಕ ಡಬ್ಬ. ಒಂದು ಬದಿ ಪೋರ್ಟಿಗೆ, ಇನ್ನೊಂದು ಬದಿಗೆ ಪ್ರಿಂಟರ್ ಕೇಬಲ್. ಪ್ರಿಂಟರ್ ಕೇಬಲ್ ತೆಗೆದು ಡಾಂಗಲ್ ಒಂದನ್ನೇ ಇಟ್ಟೆ. ಇಲ್ಲ. ಕಡ್ಡಿಗಳನ್ನು ಆಲ್ಕೊಹಾಲ್‌ನಿಂದ ಒರೆಸಿದೆ. ಇಲ್ಲ. ಪ್ರೊಸೆಸರ್ ವೇಗ ಹೆಚ್ಚಿದ್ದರಿಂದ ಹಳೆಯ ತಂತ್ರಾಂಶ ಕಾಯುವ ಸಮಯ ತಪ್ಪಿರಬಹುದೇ ಎಂದು 400ರ ಕಾರ್ಟ್ರಿಜ್ ಮತ್ತೆ ಹಾಕಿ ನೋಡಿದೆ. ಆಗಲೂ ಇಲ್ಲ. ಪ್ರಿಂಟರ್ ಮಾತ್ರ ಅಚ್ಚುಕಟ್ಟಾಗಿ ಮುದ್ರಿಸುತ್ತಿತ್ತು, ಅಂದರೆ ಪೋರ್ಟ್ ಸತ್ತಿಲ್ಲ. ಡಾಂಗಲ್ಲೇ ಸತ್ತಿದ್ದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ. ಯಜಮಾನರು ಏನೂ ಹೇಳಲಿಲ್ಲ, ಚಹಾ ತರಿಸಿದರು. ಅದು ಇನ್ನೂ ಕಷ್ಟವಾಯಿತು.

ಕಾರಣ ಬ್ಯಾಟರಿ. ಬ್ಯಾಟರಿ ತೆಗೆದಾಗ ಬಯಾಸ್ ತನ್ನ ಮೂಲ ಆಯ್ಕೆಗಳಿಗೆ ಮರಳುತ್ತದೆ. ಇಲ್ಲಿ ಮೂಲ ಆಯ್ಕೆಯಲ್ಲಿ ಪ್ಯಾರಲಲ್ ಪೋರ್ಟ್ ಇಸಿಪಿ ಎಂಬ ವೇಗದ ಬಗೆಯಲ್ಲಿತ್ತು. ಪ್ರಿಂಟರಿಗೆ ಅದು ಒಗ್ಗಿತು, ಈ ಡಾಂಗಲಿಗೆ ಒಗ್ಗಲಿಲ್ಲ. ಹಿಂದೆ ಇದನ್ನು ಅಳವಡಿಸಿದವರು ‘ನಾರ್ಮಲ್’ಗೆ, ಅಂದರೆ ಎಸ್‌ಪಿಪಿ ಎಂಬ ಹಳೆಯ ಸರಳ ಬಗೆಗೆ, ಬದಲಿಸಿದ್ದರು. ಬ್ಯಾಟರಿ ಇಳಿದು ತಾರೀಖು ಕೆಟ್ಟರೂ ಆಯ್ಕೆಗಳು ಹೇಗೋ ಉಳಿದುಕೊಂಡಿದ್ದವು. ಬಯಾಸ್‌ನಲ್ಲಿ ‘ಇಂಟಿಗ್ರೇಟೆಡ್ ಪೆರಿಫೆರಲ್ಸ್’ ಪುಟಕ್ಕೆ ಹೋಗಿ ಬಗೆಯನ್ನು ಎಸ್‌ಪಿಪಿ, ವಿಳಾಸವನ್ನು 378 ಎಂದು ಬದಲಿಸಿದೆ. ತಂತ್ರಾಂಶ ತೆರೆಯಿತು.

ಈ ಜಾತಿಯ ಯಂತ್ರ ಮುಟ್ಟುವವರಿಗೆ ನನ್ನ ಒಂದೇ ಬೇಡಿಕೆ: ಬ್ಯಾಟರಿಗೆ ಕೈಹಾಕುವ ಮೊದಲು ಬಯಾಸ್‌ನ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಈಗ ಇದರ ಆಯ್ಕೆಗಳನ್ನು ಕಾಗದದಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಡಾಂಗಲಿನ ತಿರುಪುಗಳನ್ನೂ ಬಿಗಿ ಮಾಡಿದ್ದೇನೆ. ಪ್ರಿಂಟರ್ ಕೇಬಲ್‌ನ ಭಾರಕ್ಕೆ ಅದು ನೇತಾಡುತ್ತಿತ್ತು.

9. ಕಡತಗಳನ್ನು ಹೊರಗೆ ತರುವುದು

ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ಗುರುತಿಸಲು ಬೇರೆ ಡ್ರೈವರ್ ಬೇಕು, ಬೋರ್ಡಿನ ಯುಎಸ್‌ಬಿ 1.1 ಆಮೆವೇಗದ್ದು. ಗುಜರಿ ಕ್ಯಾಬಿನೆಟ್‌ನಿಂದ ಬಂದ ನೆಟ್‌ವರ್ಕ್ ಕಾರ್ಡ್ ರಿಯಲ್‌ಟೆಕ್ 8139. ಹೊಸ ಕಂಪ್ಯೂಟರಿನಲ್ಲಿ ಎಫ್‌ಟಿಪಿ ಸರ್ವರ್ (ಕಡತ ಪಡೆಯುವ ತಂತ್ರಾಂಶ) ಇಟ್ಟು, ಇದರಿಂದ ಅಲ್ಲಿಗೆ ಕಳಿಸುವಂತೆ ಮಾಡಿದೆ. ಎರಡರ ನಡುವೆ ಒಂದು ಸ್ವಿಚ್ ಮಾತ್ರ, ಅಂತರಜಾಲಕ್ಕೆ ಜೋಡಿಸಿಲ್ಲ. ಈ ವಯಸ್ಸಿನಲ್ಲಿ ಅದಕ್ಕೆ ಹೊರಗಿನ ಗಾಳಿ ಬೇಡ.

ಖರ್ಚು

ಎಸ್‌ಎಂಪಿಎಸ್ 550, ಕೆಪಾಸಿಟರ್ 160, ರ‍್ಯಾಮ್ ಎರಡು ಪಟ್ಟಿ 350, ಗುಜರಿ ಕ್ಯಾಬಿನೆಟ್ 600, ಡಿಸ್ಕ್ 350, ಫ್ಲ್ಯಾಶ್ ಕಾರ್ಡ್ ಮತ್ತು ಅಡಾಪ್ಟರ್ 900, ಬ್ಯಾಟರಿ 30, ಐಸೊಪ್ರೊಪೈಲ್ ಆಲ್ಕೊಹಾಲ್ 120. ಒಟ್ಟು 3,060 ರೂಪಾಯಿ. ಇದರಲ್ಲಿ ಕ್ಯಾಬಿನೆಟ್ ಮತ್ತು ಫ್ಲ್ಯಾಶ್ ಕಾರ್ಡ್ ಇಲ್ಲದೆಯೂ ಕೆಲಸ ನಡೆಯುತ್ತಿತ್ತು, ಆಗ 1,560. ಕೂಲಿ ಲೆಕ್ಕ ಹಾಕಿಲ್ಲ. ತಂಗಿಯ ಮದುವೆ ಪತ್ರಿಕೆ ಈ ಪ್ರೆಸ್ಸಿನಲ್ಲೇ ಅಚ್ಚಾಗಲಿದೆ, ಅಲ್ಲಿ ಹೊಂದಿಸಿಕೊಳ್ಳುತ್ತೇನೆ.

ಉಳಿದ ಕೆಲಸ

ಪ್ರೊಸೆಸರ್ ಕಾರ್ಟ್ರಿಜ್‌ನ 50 ಮಿಲಿಮೀಟರ್ ಫ್ಯಾನ್ ಸವೆದಿದೆ, ಎಣ್ಣೆ ಹಾಕಿದರೆ ಒಂದು ವಾರ ಸುಮ್ಮನಿದ್ದು ಮತ್ತೆ ಕಿರುಚುತ್ತದೆ. ಸದ್ಯಕ್ಕೆ 80 ಮಿಲಿಮೀಟರಿನ 12 ವೋಲ್ಟ್ ಫ್ಯಾನನ್ನು ಹೀಟ್ ಸಿಂಕ್‌ಗೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿ, ಡಿಸ್ಕಿನ ನಾಲ್ಕು ಕಡ್ಡಿಯ ಕನೆಕ್ಟರ್‌ನಿಂದ ವಿದ್ಯುತ್ ಕೊಟ್ಟಿದ್ದೇನೆ. ಹೀಗೆ ಕೊಟ್ಟಾಗ ಬೋರ್ಡಿಗೆ ಫ್ಯಾನಿನ ವೇಗ ತಿಳಿಯುವುದಿಲ್ಲ, ಆದ್ದರಿಂದ ಬಯಾಸ್‌ನಲ್ಲಿ ಫ್ಯಾನ್ ಎಚ್ಚರಿಕೆಯನ್ನು ನಿಲ್ಲಿಸಿಟ್ಟಿದ್ದೇನೆ. ಮೂರು ತಂತಿಯ 50 ಮಿಲಿಮೀಟರ್ ಫ್ಯಾನ್ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಯಾರ ಡಬ್ಬದಲ್ಲಾದರೂ ಇದ್ದರೆ ತಿಳಿಸಿ, 10 ಮಿಲಿಮೀಟರ್ ದಪ್ಪದ್ದಾಗಿರಬೇಕು; 15ರದ್ದು ಪಕ್ಕದ ರ‍್ಯಾಮ್ ಪಟ್ಟಿಗೆ ತಾಗುತ್ತದೆ.